ನಂಗೆ ಎ ಖಾತಾ ಕೊಡ್ತಾರಾ, ಬಿ ಖಾತಾನಾ?

ಊರಿನ ಹಳೆಯ ಸ್ಮಾರಕಗಳನ್ನು ಊರಿನ ಪಾಲಿಕೆಯೇ ಸ್ವಂತಕ್ಕೆ ತೆಗೆದುಕೊಂಡು ನೋಡಿಕೊಳ್ಳಲಿ ಎಂಬ ಮಾತು ಬೆಂಗಳೂರಿನಲ್ಲಿ ಮಳೆಗಾಲದ ರಸ್ತೆಗುಂಡಿಯ ಹಾಗೆ ಆಗಾಗ ಬಾಯಿ ತೆರೆಯುತ್ತದೆ. ಒಂದಷ್ಟು ದಿನ ತಜ್ಞರು ಮಾತಾಡುತ್ತಾರೆ, ಅಧಿಕಾರಿಗಳು ‘ಪರಿಶೀಲಿಸಲಾಗುವುದು’ ಎನ್ನುತ್ತಾರೆ, ಆಮೇಲೆ ಗುಂಡಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಇಷ್ಟೆಲ್ಲ ನಡೆದರೂ ಸ್ಮಾರಕವನ್ನು ಯಾರೂ ಒಂದು ಮಾತು ಕೇಳಿದ್ದಿಲ್ಲ. ಹುಡುಗಿಯ ಒಪ್ಪಿಗೆ ಕೇಳದೆ ಲಗ್ನಪತ್ರಿಕೆ ಅಚ್ಚು ಹಾಕಿಸುತ್ತಿದ್ದ ಕಾಲ ಮುಗಿಯಿತಲ್ಲ? ಆದ್ದರಿಂದ ಲಾಲ್‌ಬಾಗ್ ಬಂಡೆಯ ನೆತ್ತಿಯ ಮೇಲಿರುವ ಕೆಂಪೇಗೌಡ ಗೋಪುರವನ್ನೇ ಮಾತಾಡಿಸಿದೆವು. ಬೆಳಗಿನ ವಾಕಿಂಗಿನವರು ಇಳಿದುಹೋಗಿ, ಸೆಲ್ಫಿಯವರು ಇನ್ನೂ ಹತ್ತಿ ಬಂದಿರದ ಹೊತ್ತು. ಗೋಪುರ ಬಿಡುವಾಗಿತ್ತು.

ನಾನು: ನಮಸ್ಕಾರ ತಾತ. ನಿಮ್ಮನ್ನ ನಗರವೇ ಸ್ವಂತಕ್ಕೆ ತಗೊಳ್ಳಲಿ ಅಂತ ಮಾತು ನಡೀತಿದೆ.

ಗೋಪುರ: ಯಾವ ನಗರ?

ನಾನು: ಬೆಂಗಳೂರು, ಮತ್ತಿನ್ಯಾವುದು?

ಗೋಪುರ: ಅದು ಗೊತ್ತಪ್ಪ. ಎಷ್ಟನೇ ಬೆಂಗಳೂರು ಅಂತ ಕೇಳ್ದೆ. 2025ರ ಸೆಪ್ಟೆಂಬರ್‌ವರೆಗೆ ಒಂದೇ ಪಾಲಿಕೆ ಇತ್ತು. ಈಗ ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ, ಕೇಂದ್ರ ಅಂತ ಐದು. ಅವುಗಳ ತಲೆ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ನಾವು ಅಣ್ಣತಮ್ಮಂದಿರು ನಾಲ್ಕೇ ಜನ. ನಾನಿಲ್ಲಿ, ಒಬ್ಬ ಮೇಖ್ರಿ ವೃತ್ತದ ಹತ್ತಿರ, ಒಬ್ಬ ಕೆಂಪಾಂಬುಧಿ ಕೆರೆ ಕಡೆ, ಇನ್ನೊಬ್ಬ ಹಲಸೂರು ಕೆರೆ ಕಡೆ. ನಾಲ್ಕನ್ನ ಐದಕ್ಕೆ ಹೆಂಗೆ ಪಾಲು ಮಾಡ್ತಾರೆ? ಕಡೇಪಕ್ಷ ಒಂದು ಪಾಲಿಕೆಗಂತೂ ಗೋಪುರವೇ ಸಿಗಲ್ಲ. ಅನ್ಯಾಯ ಅಂತ ಅವರು ಧರಣಿ ಕೂತರೆ ಐದನೇ ಗೋಪುರಕ್ಕೆ ಟೆಂಡರ್ ಕರೀತಾರೆ. ಅದಕ್ಕೆ ಲಿಫ್ಟ್ ಇರುತ್ತೆ ನೋಡ್ತಿರು.

ನಾನು: ಸದ್ಯಕ್ಕೆ ನೀವು ಯಾರ ಸ್ವತ್ತು?

ಗೋಪುರ: ಒಳ್ಳೆ ಪ್ರಶ್ನೆ. ಸುತ್ತ ಇರೋ ತೋಟ ತೋಟಗಾರಿಕೆ ಇಲಾಖೆಯದ್ದು. ನಾನು ನಿಂತಿರೋ ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಅದಕ್ಕೆ ಭೂವಿಜ್ಞಾನದವರು ಬೋರ್ಡ್ ಹಾಕಿದ್ದಾರೆ. ಸುಮಾರು ಮುನ್ನೂರು ಕೋಟಿ ವರ್ಷದ ಬಂಡೆ ಇದು. ಇದರ ಮುಂದೆ ನಾನು ನಿನ್ನೆ ಮೊನ್ನೆ ಹುಟ್ಟಿದ ಕೂಸು. ನನ್ನ ಹೆಸರಲ್ಲಿರೋ ಗೌಡರು ಎಲ್ಲ ಪಕ್ಷದವರಿಗೂ ಸೇರಿದವರು. ಜಯಂತಿ ದಿನ ಹಾರಕ್ಕೆ ಜಾಗ ಸಾಲಲ್ಲ. ಹಲಸೂರಿನ ತಮ್ಮನ ಅಕ್ಕಪಕ್ಕ ಮದ್ರಾಸ್ ಸ್ಯಾಪರ್ಸ್ ಸೈನ್ಯ, ಅವನು ಏನಾದ್ರೂ ಮಾತಾಡಬೇಕಂದ್ರೂ ಅಟೆನ್ಶನ್‌ನಲ್ಲಿ ನಿಂತು ಮಾತಾಡ್ತಾನೆ. ಒಟ್ಟಿನಲ್ಲಿ ಎಲ್ಲರಿಗೂ ಬೇಕಾದವರು ನಾವು. ಆದ್ರೆ ನೆತ್ತಿ ಸಂದಿಯಲ್ಲಿ ಅರಳಿ ಸಸಿ ಎದ್ದರೆ ಕೀಳೋದು ಯಾರ ಕೆಲಸ ಅಂತ ಕೇಳು, ಎಲ್ಲರೂ ಪಕ್ಕದವರ ಮುಖ ನೋಡ್ತಾರೆ.

ನಾನು: ಹಾಗಿದ್ರೆ ಪಾಲಿಕೆ ಹೆಸರಿಗೆ ಒಂದು ಖಾತಾ ಮಾಡಿಸಿಬಿಟ್ರೆ ಗೊಂದಲವೇ ಇರಲ್ಲ.

ಗೋಪುರ: (ನಕ್ಕಿತು. ಸಂದಿಯಿಂದ ಎರಡು ಪಾರಿವಾಳ ಹಾರಿಹೋದವು.) ಖಾತಾ! ನಿಯಮದ ಪ್ರಕಾರ ಇರೋರ ಎ ಖಾತಾನಾ, ನಿಯಮ ಮೀರಿದವರ ಬಿ ಖಾತಾನಾ? ಇ-ಖಾತಾ ಮಾಡಿಸೋಕೆ ಮಾಲೀಕರ ಆಧಾರ್ ಕೇಳ್ತಾರಂತೆ. ಗೌಡರ ಆಧಾರ್ ಎಲ್ಲಿಂದ ತರ್ಲಿ? ಮೂಲ ಪತ್ರ ಕೊಡಿ ಅಂತಾರೆ. ನನ್ನ ಕಟ್ಟಿಸಿದ್ದು ಹಿರಿಯ ಕೆಂಪೇಗೌಡರೋ, ಇಮ್ಮಡಿ ಕೆಂಪೇಗೌಡರೋ ಅಂತಾನೇ ಪಂಡಿತರಲ್ಲಿ ಇನ್ನೂ ಜಗಳ ಮುಗಿದಿಲ್ಲ. ಮಂಜೂರಾದ ನಕ್ಷೆ ಇಲ್ಲ, ಸೆಟ್‌ಬ್ಯಾಕ್ ಬಿಟ್ಟಿಲ್ಲ, ಸ್ವಾಧೀನಾನುಭವ ಪತ್ರ (ಓ.ಸಿ.) ಇಲ್ಲ, ಋಣಭಾರ ಪತ್ರ (ಇ.ಸಿ.) ತೆಗೆಸಿದರೆ ಬರೀ ದಾಳಿಗಳ ಪಟ್ಟಿ ಬರುತ್ತೆ. ಅನುಭವದಲ್ಲಿರುವವರ ಹೆಸರು ಅನ್ನೋ ಕಾಲಂ ಮಾತ್ರ ತುಂಬಿಸಬಹುದು. ನನ್ನ ಮೈಮೇಲೆ ಬಾಣ ಬಿಟ್ಟ ಹೃದಯದ ಪಕ್ಕ ಹೆಸರು ಕೆತ್ತಿದಾರಲ್ಲ, ಅವರೆಲ್ಲ ಅನುಭವದಾರರೇ.

ನಾನು: ದಾಳಿಗಳ ಪಟ್ಟಿ ಅಂದ್ರಲ್ಲ...

ಗೋಪುರ: ಮಾಲೀಕರು ಬದಲಾಗೋದು ನಂಗೇನು ಹೊಸದಾ? 1537ರಲ್ಲಿ ಗೌಡರು ಊರು ಕಟ್ಟಿದರು. ನೂರು ವರ್ಷ ಆಗ್ತಿದ್ದ ಹಾಗೆ, 1638ರಲ್ಲಿ, ಬಿಜಾಪುರದ ರಣದುಲ್ಲಾ ಖಾನ್ ಬಂದ, ಊರು ಷಹಾಜಿ ಜಹಗೀರಾಯ್ತು. 1687ರಲ್ಲಿ ಮೊಘಲರ ಖಾಸಿಂ ಖಾನ್ ಹಿಡಿದ. ಹಿಡಿದವನು ಇಟ್ಟುಕೊಂಡನಾ? ಮೂರು ಲಕ್ಷ ರೂಪಾಯಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರ ಕೈಗೆ ಹೋಯ್ತು. ಇಡೀ ಊರಿಗೆ ಮೂರು ಲಕ್ಷ ಕಣಪ್ಪ. ಇವತ್ತು ಆ ದುಡ್ಡಿಗೆ ಜಯನಗರದ ಅಪಾರ್ಟ್‌ಮೆಂಟಲ್ಲಿ ಒಂದು ಕಾರು ನಿಲ್ಲಿಸೋ ಜಾಗ ಕೇಳಿ ನೋಡು. ಆಮೇಲೆ ಹೈದರ್ ಅಲಿಗೆ ಜಹಗೀರು. 1760ರಲ್ಲಿ ಅವನು ಈ ತೋಟ ಶುರು ಮಾಡಿದ ಅಂತ ಅವನ ಮೇಲೆ ನಂಗೆ ವಿಶ್ವಾಸ, ಕಾಲಡಿ ನೆರಳು ಕೊಟ್ಟ. 1791ರಲ್ಲಿ ಕಾರ್ನ್‌ವಾಲಿಸ್ ಕೋಟೆ ಒಡೆದ. 1831ರಲ್ಲಿ ಬ್ರಿಟಿಷ್ ಕಮಿಷನರು, 1881ರಲ್ಲಿ ಮತ್ತೆ ಒಡೆಯರು. 1949ರಲ್ಲಿ ಪೇಟೆ, ದಂಡು ಎರಡೂ ಸೇರಿ ಒಂದು ಕಾರ್ಪೊರೇಷನ್ ಆಯ್ತು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ನುಂಗಿ ಬೃಹತ್ ಪಾಲಿಕೆ ಆಯ್ತು. ಇಷ್ಟು ಜನ ಮಾಲೀಕರು ಬಂದುಹೋದರಲ್ಲ, ಒಬ್ಬನಾದ್ರೂ ‘ಏನಯ್ಯಾ ಗೋಪುರ, ಮಳೆಗೆ ಸೋರ್ತಿದೀಯಾ?’ ಅಂದ ನೆನಪಿಲ್ಲ.

ನಾನು: ಊರು ನಿಮ್ಮನ್ನ ದಾಟಿ ಬೆಳೆದ್ರೆ ಕೇಡು ಅಂತ ಒಂದು ಕಥೆ ಇದೆಯಲ್ಲ?

ಗೋಪುರ: ನಾನು ಹಾಗೆ ಯಾವತ್ತೂ ಹೇಳಿಲ್ಲ. ನನ್ನ ಕೆಲಸ ದೂರದಿಂದ ಯಾರು ಬರ್ತಾರೆ ಅಂತ ನೋಡೋದು. ಗಡಿ ಕಲ್ಲು ಅಂತ ಮಾಡಿದ್ದು ನೀವು. ಈಗ ಊರು ಏಳುನೂರು ಚದರ ಕಿಲೋಮೀಟರು, ನಾನು ಅದರ ಹೊಕ್ಕುಳ ಹತ್ತಿರ ಇದೀನಿ. ಕೇಡು ಆಯ್ತೋ ಇಲ್ವೋ ಅನ್ನೋದನ್ನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಂಜೆ ಆರು ಗಂಟೆಗೆ ನಿಂತು ನೀನೇ ತೀರ್ಮಾನ ಮಾಡ್ಕೋ.

ನಾನು: ಆದ್ರೂ ಈಗಿನ ಪಾಲಿಕೆ ಪ್ರಜಾಪ್ರಭುತ್ವದ್ದು. ಆ ಜಹಗೀರುದಾರರಿಗೆ ಹೋಲಿಸೋದು ಸರಿಯಾ?

ಗೋಪುರ: ಸರಿ, ಹೋಲಿಸಲ್ಲ. ನಗರ ಸ್ವಂತ ಮಾಡ್ಕೊಂಡಿದ್ದು ಏನಾಯ್ತು ಅಂತ ನಾನು ಕಂಡಿದ್ದನ್ನಷ್ಟೇ ಹೇಳ್ತೀನಿ. ನಮ್ಮ ಜೊತೆಗಾರರು ಕೆರೆಗಳು. ಧರ್ಮಾಂಬುಧಿ ಕೆರೆ ಎಲ್ಲಿದೆ? ಮೆಜೆಸ್ಟಿಕ್‌ಗೆ ಹೋಗು, ಬಸ್ ನಿಲ್ದಾಣದಲ್ಲಿ ನಿಂತ್ಕೋ, ನಿನ್ನ ಚಪ್ಪಲಿ ಕೆಳಗಿದೆ. ಆ ನಿಲ್ದಾಣಕ್ಕೆ ಗೌಡರ ಹೆಸರನ್ನೇ ಇಟ್ಟಿದಾರೆ, ಪಾಪ, ಸಮಾಧಾನಕ್ಕೆ. ಸಂಪಂಗಿ ಕೆರೆಯಲ್ಲಿ ಈಗ ಕಂಠೀರವ ಕ್ರೀಡಾಂಗಣ. ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ ಹಾಕಿ ಆಡ್ತಾರೆ. ಮುಳುಗದೆ ಉಳಿದ ಕೆರೆಗಳ ಕಡತ ಒಂದು ಇಲಾಖೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಪ್ರಾಧಿಕಾರಕ್ಕೆ, ಪ್ರಾಧಿಕಾರದಿಂದ ಪಾಲಿಕೆಗೆ ಓಡಾಡಿದಷ್ಟು ನೀರು ಓಡಾಡಲಿಲ್ಲ. ‘ನಗರ ನಿನ್ನನ್ನ ವಹಿಸಿಕೊಳ್ಳುತ್ತೆ’ ಅಂದ ಕೂಡಲೇ ನಂಗೆ ಮೊದಲು ಕಾಣೋದು ನನ್ನ ಜಾಗದಲ್ಲಿ ಬಹುಮಹಡಿ ಪಾರ್ಕಿಂಗ್. ತಪ್ಪು ತಿಳ್ಕೋಬೇಡ. ಇದು ವಯಸ್ಸಾದವರ ಭಯ.

ನಾನು: ಕೆರೆ ಬೇರೆ, ಕಟ್ಟಡ ಬೇರೆ ಅಲ್ವಾ ತಾತ?

ಗೋಪುರ: ಹಾಗಾದ್ರೆ ಕಟ್ಟಡದ್ದೇ ಹೇಳ್ತೀನಿ. ಮೈಸೂರಲ್ಲಿ ನಮ್ಮ ನೆಂಟರಿದಾರೆ. ಲ್ಯಾನ್ಸ್‌ಡೌನ್ ಕಟ್ಟಡ, ದೇವರಾಜ ಮಾರುಕಟ್ಟೆ. ಎರಡೂ ಪಾಲಿಕೆ ಸ್ವತ್ತೇ. ಯಾರದು ಅಂತ ಗೊಂದಲವಿಲ್ಲ, ಬಾಡಿಗೆ ರಸೀತಿ ಮೇಲೆ ಹೆಸರೇ ಇದೆ. 2012ರ ಆಗಸ್ಟಲ್ಲಿ ಲ್ಯಾನ್ಸ್‌ಡೌನ್‌ನ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. (ಇಲ್ಲಿ ಗೋಪುರ ಸ್ವಲ್ಪ ಹೊತ್ತು ಸುಮ್ಮನಿತ್ತು. ನಾವೂ ಏನೂ ಕೇಳಲಿಲ್ಲ.) ನಾಲ್ಕು ವರ್ಷ ಆದಮೇಲೆ, ಮತ್ತೆ ಆಗಸ್ಟಲ್ಲೇ, ಮಾರುಕಟ್ಟೆಯ ಉತ್ತರ ದ್ವಾರ ಬಿತ್ತು. ಆಮೇಲೆ ಕೆಡವಬೇಕಾ, ಉಳಿಸಬೇಕಾ ಅಂತ ಸಮಿತಿ ಮೇಲೆ ಸಮಿತಿ, ಕೋರ್ಟು, ವರದಿ. ಮಾಲೀಕ ಯಾರು ಅಂತ ಗೊತ್ತಿದ್ರೆ ಸಾಕು, ಕಟ್ಟಡ ತಾನಾಗೇ ನಿಲ್ಲುತ್ತೆ ಅಂತ ಅಂದ್ಕೊಂಡಿದ್ಯಲ್ಲ, ನೋಡು.

ನಾನು: ಹಾಗಾದ್ರೆ ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆಗೆ ಕೊಟ್ಟುಬಿಡೋಣ್ವಾ?

ಗೋಪುರ: ಅವರು ಹತ್ತಿರದಲ್ಲೇ ಇದಾರೆ, ಟಿಪ್ಪು ಅರಮನೆ ಅವರದ್ದೇ. ಶಿಸ್ತಿನ ಜನ. ಆದ್ರೆ 2010ರ ತಿದ್ದುಪಡಿ ಪ್ರಕಾರ ಅವರ ಸ್ಮಾರಕದ ಸುತ್ತ ನೂರು ಮೀಟರು ಹೊಸ ಕಟ್ಟಡ ನಿಷೇಧ, ಅದರಾಚೆ ಇನ್ನೂರು ಮೀಟರು ಅನುಮತಿ ಬೇಕು. ನಂಗೆ ಅದು ಹಿಡಿಸುತ್ತೆ. ಪಕ್ಕದ ಸೈಟಿನವರಿಗೆ ಹಿಡಿಸಲ್ಲ. ಸ್ಮಾರಕ ಅಂದ್ರೆ ಅಕ್ಕಪಕ್ಕದವರು ಶಾಪ ಹಾಕೋ ವಸ್ತು ಆಗಿಬಿಟ್ಟರೆ ಅದೂ ಕಷ್ಟವೇ.

ನಾನು: ಖಾಸಗಿ ಕಂಪನಿಗೆ ದತ್ತು ಕೊಡೋ ಪದ್ಧತಿಯೂ ಇದೆ. 2018ರಲ್ಲಿ ದೆಹಲಿಯ ಕೆಂಪು ಕೋಟೆಯನ್ನೇ ಒಂದು ಸಿಮೆಂಟ್ ಕಂಪನಿ ದತ್ತು ತಗೊಂಡಿತು.

ಗೋಪುರ: ಏನು ಕಂಪನಿ ಅಂದೆ? ಸಿಮೆಂಟಾ? ಬೇಡಪ್ಪ. ಬೇರೆ ಏನಾದ್ರೂ ಕೇಳು.

ನಾನು: ಸಿಮೆಂಟ್ ಅಂದ್ರೆ ಯಾಕೆ ಅಷ್ಟು ಭಯ?

ಗೋಪುರ: ಹಳೇ ಕಟ್ಟಡ ಅಂದ್ರೆ ಗಾರೆ ಕಣಪ್ಪ. ಸುಣ್ಣ ಅರಳಿಸಿ, ದಿನಗಟ್ಟಲೆ ನೆನೆಹಾಕಿ, ಮರಳು ಸೇರಿಸಿ, ಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿ ಕಷಾಯ ಹಾಕಿ ಮಾಡೋರು. ಆ ಗಾರೆ ಮಳೆಗೆ ನೀರು ಕುಡಿಯುತ್ತೆ, ಬಿಸಿಲಿಗೆ ಬಿಟ್ಟುಬಿಡುತ್ತೆ. ನೀವು ಅದರ ಮೇಲೆ ಸಿಮೆಂಟ್ ಮೆತ್ತಿದ್ರೆ ಒಳಗೆ ಸೇರಿದ ನೀರು ಹೊರಗೆ ಬರೋಕೆ ದಾರಿ ಇಲ್ಲ. ಒಳಗೊಳಗೇ ಸುಣ್ಣ ಕರಗಿ ಪುಡಿಯಾಗುತ್ತೆ. ಹೊರಗೆ ನೋಡೋಕೆ ಮದುಮಗ, ಒಳಗೆ ಗೆದ್ದಲು ತಿಂದ ಬಾಗಿಲು. ಅದರ ಮೇಲೆ ಆಯಿಲ್ ಪೇಂಟ್ ಬೇರೆ. ಚರಂಡಿ ಮುಚ್ಚಳ ಹಾಕೋ ಗುತ್ತಿಗೆದಾರನೇ ಸ್ಮಾರಕದ ಟೆಂಡರಿಗೂ ಬರ್ತಾನೆ, ಎಸ್‌.ಆರ್. ದರದ ಪುಸ್ತಕದಲ್ಲಿ ಅಳಲೆಕಾಯಿಗೆ ರೇಟು ಹುಡುಕ್ತಾನೆ, ಸಿಗಲ್ಲ, ಸಿಮೆಂಟ್ ತರ್ತಾನೆ. ಅವನದ್ದೂ ತಪ್ಪಲ್ಲ. ಕಡಿಮೆ ದರದವನಿಗೆ ಕೆಲಸ ಅಂತ ಬರೆದಿರೋ ಕಾಗದದಲ್ಲಿ ಗಾರೆ ಕೆಲಸ ಗೊತ್ತಿರಬೇಕು ಅಂತ ಬರೆದಿರಲ್ಲ.

ನಾನು: ಅಭಿವೃದ್ಧಿ ಅಂದ್ರೆ ದುರಸ್ತಿ ಮಾತ್ರ ಅಲ್ಲ. ಲೈಟು, ಕಾರಂಜಿ, ಸೆಲ್ಫಿ ಪಾಯಿಂಟು...

ಗೋಪುರ: ಅದರ ಜೊತೆಗೆ ಉದ್ಘಾಟನೆ ಕಲ್ಲು. ಕರಿ ಗ್ರಾನೈಟು, ಚಿನ್ನದ ಅಕ್ಷರ, ಮೇಲಿಂದ ಕೆಳಗೆ ಹೆಸರುಗಳು. ಗೌಡರು ಕಟ್ಟಿದಾಗ ತಮ್ಮ ಹೆಸರಿಗೆ ಇಷ್ಟು ಜಾಗ ಇಟ್ಟಿದ್ದಿದ್ರೆ ಪಂಡಿತರ ಜಗಳ ಅಂದೇ ಮುಗೀತಿತ್ತು. ಗೌಡರಿಗೆ ಈಗ ಏನೂ ಕಡಿಮೆ ಇಲ್ಲ ಬಿಡು. 2022ರಲ್ಲಿ ವಿಮಾನ ನಿಲ್ದಾಣದಲ್ಲಿ 108 ಅಡಿ ಕಂಚಿನ ಪ್ರತಿಮೆ ನಿಲ್ಲಿಸಿದರು. ಆ ನಿಲ್ದಾಣಕ್ಕೂ ಅವರ ಹೆಸರು, ಮೆಜೆಸ್ಟಿಕ್‌ನ ಮೆಟ್ರೊ ನಿಲ್ದಾಣಕ್ಕೂ ಅವರ ಹೆಸರು. ಸಂತೋಷವೇ. ಅವರು ಕೈಯಾರೆ ಮಾಡಿಸಿದ್ದು ಅಂತ ಜನ ತೋರಿಸೋ ನಾಲ್ಕು ವಸ್ತು ಮಾತ್ರ ಪ್ರತಿಮೆಯ ಪಾದದ ಮಟ್ಟಕ್ಕೂ ಬರಲ್ಲ, ಅದಕ್ಕೇ ಯಾರ ಕಣ್ಣಿಗೂ ಬೀಳಲ್ಲ.

ನಾನು: ಇಷ್ಟೊಂದು ನಿರಾಶೆನಾ?

ಗೋಪುರ: ಇಲ್ಲ ಕಣೋ. 2025ರಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುರಂಗ ರಸ್ತೆ ಕೊರೀತೀವಿ, ಲಾಲ್‌ಬಾಗ್ ಜಾಗ ಬೇಕು ಅಂದಾಗ ಈ ತೋಟದಲ್ಲಿ ನಡೆದಾಡೋ ಜನವೇ ಎದ್ದು ನಿಂತರು. ಅವರು ಯಾರೂ ನನ್ನ ಮಾಲೀಕರಲ್ಲ, ಯಾರ ಹತ್ರಾನೂ ಖಾತಾ ಇಲ್ಲ. ಪಾಲಿಕೆಯವರೂ ಒಳ್ಳೇದು ಮಾಡಿಲ್ಲ ಅಂತ ಅಲ್ಲ. ಮೇಯೋ ಹಾಲ್ ಮಹಡಿಯಲ್ಲಿ ಗೌಡರ ವಸ್ತುಸಂಗ್ರಹಾಲಯ ಮಾಡಿದಾರೆ. ನಾನು ಹೋಗಿ ನೋಡೋಕಾಗಲ್ಲ, ನೀನು ನೋಡಿದೀಯಾ?

(ಪ್ರಶ್ನೆ ಕೇಳುವವರು ನಾವಾದ್ದರಿಂದ ಇದಕ್ಕೆ ಉತ್ತರಿಸಲಿಲ್ಲ.)

ನಾನು: ಕೊನೆಗೆ ಒಂದು ಮಾತು ತಾತ. ನಗರ ನಿಜವಾಗಿಯೂ ನಿಮ್ಮನ್ನ ತಗೊಳ್ಳೋಕೆ ಬಂದ್ರೆ ಏನಂತೀರಿ?

ಗೋಪುರ: ಬರಲಿ, ಬೇಡ ಅನ್ನಲ್ಲ. ನಾಲ್ಕು ಇಲಾಖೆಗೆ ಬೇಡವಾದವನಾಗಿ ಇರೋದಕ್ಕಿಂತ ಒಂದು ಪಾಲಿಕೆಗೆ ಬೇಕಾದವನಾಗಿ ಇರೋದು ವಾಸಿ. ಆದ್ರೆ ಬರುವಾಗ ಆದೇಶದ ಪ್ರತಿ ಮಾತ್ರ ತರೋದು ಬೇಡ. ಬಜೆಟ್ಟಿನಲ್ಲಿ ನಮ್ಮ ಹೆಸರಿಗೆ ಒಂದು ಸಾಲು ಬರೆಸಲಿ, ಪ್ರತಿ ವರ್ಷದ ದುರಸ್ತಿಗೆ ಅಂತ, ಜಯಂತಿ ಖರ್ಚಿಗೆ ಅಲ್ಲ. ಗಾರೆ ಗೊತ್ತಿರೋ ಮೇಸ್ತ್ರಿಯನ್ನ ಹುಡುಕಲಿ, ಅವನ ಕೈಕೆಳಗೆ ನಾಲ್ಕು ಹುಡುಗರನ್ನ ಕಲಿಯೋಕೆ ಬಿಡಲಿ. ಆಮೇಲೆ ಒಬ್ಬ ಇಂಜಿನಿಯರ್ ಹೆಸರು, ಫೋನ್ ನಂಬರು ಬೋರ್ಡಿನಲ್ಲಿ ಬರೆದು ಇಲ್ಲಿ ಕೆಳಗೆ ನೆಡಲಿ. ಉದ್ಘಾಟನೆ ಕಲ್ಲಿನ ಬದಲು ಅದು. ಆ ಬೋರ್ಡ್ ಕಂಡ ದಿನ ನಾನು ಎಲ್ಲಿ ಬೇಕಾದ್ರೂ ಸಹಿ ಹಾಕ್ತೀನಿ.

ಅಷ್ಟರಲ್ಲಿ ಕಾಲೇಜು ಹುಡುಗರ ಗುಂಪೊಂದು ಬಂಡೆ ಹತ್ತಿ ಬಂತು. ಒಬ್ಬನ ಕೈಯಲ್ಲಿ ಕೀಲಿಕೈ ಗೊಂಚಲಿತ್ತು. ಕಲ್ಲಿನ ಮೇಲೆ ಖಾಲಿ ಜಾಗ ಹುಡುಕುತ್ತಿದ್ದ. ಸಂದರ್ಶನ ಅಲ್ಲಿಗೇ ನಿಂತಿತು. ಇದನ್ನು ಓದಿದ ಪಾಲಿಕೆಯವರು ಐವರಲ್ಲಿ ಯಾರೇ ಆಗಲಿ, ಖಾತಾ ವಿಚಾರ ನಿಧಾನಕ್ಕೆ ತೀರ್ಮಾನ ಮಾಡಿ. ನೆತ್ತಿಯ ಅರಳಿ ಸಸಿ ಕೀಳುವುದಕ್ಕೆ ಯಾವ ಖಾತಾವೂ ಬೇಕಿಲ್ಲ, ಅದನ್ನು ಈ ಮಳೆಗಾಲಕ್ಕೆ ಮೊದಲೇ ಕೀಳಿಸಿ.