ಎರಡೆಕರೆ ಹತ್ತೊಂಬತ್ತು ಗುಂಟೆ

ಎಂ.ಸಿ. ಮೆಹ್ತಾ ಹೂಡಿದ್ದ ದಾವೆಯಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಪರಿಸರ ಶಿಕ್ಷಣ ಕಡ್ಡಾಯವಾಗಲಿ ಎಂದಿತು. ಕೋರ್ಟಿನ ಉದ್ದೇಶ ಭೂಮಿಯನ್ನು ಉಳಿಸುವುದು, ಕಲ್ಲೋಳಿಯ ಈ ಪದವಿ ವಿದ್ಯಾರ್ಥಿಯ ಉದ್ದೇಶ ಇಪ್ಪತ್ತು ಅಂಕ. ಅದಕ್ಕಾಗಿ ನಾನು ಹಿಡಿದ ಪ್ರಾಜೆಕ್ಟು: ‘ನನ್ನ ಪರಿಸರ ಹೆಜ್ಜೆಗುರುತು: ಅಳತೆ ಮತ್ತು ಇಳಿಕೆ’.

ಈ ಲೆಕ್ಕದ ಮೂಲಪುರುಷರು ಕೆನಡಾದ ವ್ಯಾಂಕೂವರಿನ ಪ್ರಾಧ್ಯಾಪಕ ವಿಲಿಯಂ ರೀಸ್ ಮತ್ತು ಅವರ ಶಿಷ್ಯ ಮಥಿಸ್ ವ್ಯಾಕರ್ನಾಗೆಲ್. ಒಬ್ಬ ಮನುಷ್ಯ ಉಣ್ಣಲು, ಉಡಲು, ತಿರುಗಾಡಲು, ಅವನು ಬಿಟ್ಟ ಹೊಗೆಯನ್ನು ಕಾಡು ಹೀರಲು ಒಟ್ಟು ಎಷ್ಟು ಭೂಮಿ ಬೇಕು ಎಂದು ಅವರು 1990ರ ದಶಕದ ಆರಂಭದಲ್ಲಿ ಲೆಕ್ಕ ಹಾಕಿದರು. ಉತ್ತರ ಬರುವುದು ಹೆಕ್ಟೇರಿನಲ್ಲಿ.

ಮೊಬೈಲಿನಲ್ಲಿ ಪ್ರಶ್ನಾವಳಿ ತುಂಬಲು ಕೂತೆ. ವರ್ಷಕ್ಕೆ ಎಷ್ಟು ತಾಸು ವಿಮಾನ ಪ್ರಯಾಣ? ವಿಮಾನವನ್ನು ಸಾಂಬ್ರಾ ರಸ್ತೆಯಲ್ಲಿ ನಿಂತು ಕತ್ತೆತ್ತಿ ನೋಡಿದ್ದಷ್ಟೇ. ಮಾಂಸ ಎಷ್ಟು ಸಲ? ನಮ್ಮ ಮನೆಯಲ್ಲಿ ತತ್ತಿಗೂ ಪ್ರವೇಶವಿಲ್ಲ. ಮನೆಯಲ್ಲಿ ಎಷ್ಟು ಮಂದಿ? ಹನ್ನೊಂದು. ಎಮ್ಮೆಗಳನ್ನು ಕೇಳಿರಲಿಲ್ಲ, ನಾನೂ ಹೇಳಲಿಲ್ಲ. ಕೊನೆಗೆ ಬಂದದ್ದು ಒಂದು ಹೆಕ್ಟೇರ್. ಜಗತ್ತಿನ ಸರಾಸರಿ ಎರಡೂವರೆ ದಾಟಿದೆ, ಅಮೆರಿಕದವರದು ಏಳು ದಾಟಿದೆ, ಭೂಮಿ ತಾಳಬಲ್ಲದ್ದು ತಲೆಗೆ ಒಂದೂವರೆಯಷ್ಟು. ಅಂದರೆ ಏನೂ ಮಾಡದೆಯೇ ನಾನು ಪಾಸು! ಆದರೆ ಇಳಿಸಿ ತೋರಿಸದಿದ್ದರೆ ಅಂಕವಿಲ್ಲ. ಇಳಿಸಲಿಕ್ಕೆ ಮೊದಲು ಏರಿರಬೇಕಲ್ಲ?

ರಾತ್ರಿ ಊಟಕ್ಕೆ ಕೂತಾಗ ಹೆಕ್ಟೇರನ್ನು ನಮ್ಮ ಅಳತೆಗೆ ತಂದು ಹೇಳಿದೆ: “ಲೆಕ್ಕಾ ಹಾಕೀನಿ. ನನ್ನ ಪಾಲಿಗೆ ಎರಡೆಕರೆ ಹತ್ತೊಂಬತ್ತು ಗುಂಟೆ ಬರ್ತೈತಿ.”

ಅಪ್ಪನಿಗೂ ಕಾಕಾನಿಗೂ ಕೂಡಿ ಇರುವುದೇ ನಾಲ್ಕೆಕರೆ. ಶೇಂಗಾ ಚಟ್ನಿಗೆ ಎಣ್ಣೆ ಹಾಕಿಕೊಳ್ಳುತ್ತಿದ್ದ ಕಾಕಾ ಹಾಗೇ ನನ್ನನ್ನು ದಿಟ್ಟಿಸಿದ. ಅವನ ಮಾತು ನಿಂತಿತು, ಎಣ್ಣೆ ನಿಲ್ಲಲಿಲ್ಲ.

“ಯಾವ ಸರ್ವೇ ನಂಬರದಾಗ?”

“ಇದು ಜಾಗತಿಕ ಹೆಕ್ಟೇರ್ ಕಾಕಾ. ಜಗತ್ತಿನ ತುಂಬ ಹರಡಿರ್ತೈತಿ.”

“ಉತಾರದಾಗ ನಿನ್ನ ಹೆಸರ ಐತೇನು?”

“ಇಲ್ಲ.”

“ಅಂದ್ರ ಉತಾರ ಇಲ್ಲದ ವಾಟ್ನಿ ಕೇಳಾಕತ್ತಿ.”

ಬೆಳಗಾಗುವಷ್ಟರಲ್ಲಿ ಹನುಮಪ್ಪನ ಗುಡಿಯ ಕಟ್ಟೆಗೆ ಸುದ್ದಿ ಮುಟ್ಟಿತ್ತು. ಹಿರಿಯರೊಬ್ಬರು ನನ್ನನ್ನು ತಡೆದು, “ತಮ್ಮಾ, ಅಪ್ಪ ಗಟ್ಟಿಮುಟ್ಟ ಇರೂತನಕ ವಾಟ್ನಿ ಮಾತ ತಗೀಬಾರದಪಾ” ಎಂದು ಬುದ್ಧಿ ಹೇಳಿದರು. ಅವರದೂ ತಪ್ಪಲ್ಲ. ರಟ್ಟರ ದೊರೆ ನಾಲ್ಕನೆಯ ಕಾರ್ತವೀರ್ಯನ ಕಾಲದಲ್ಲಿ, 1204ರ ಸುಮಾರಿಗೆ, ಬಸದಿಗೆ ಬಿಟ್ಟ ಭೂಮಿಯನ್ನು ಶಾಸನವಾಗಿ ಕಲ್ಲಿನಲ್ಲಿ ಕೊರೆಸಿದ ಊರು ನಮ್ಮದು. ಮೊಬೈಲಿನಲ್ಲಿ ಮೂಡಿದ ಹೆಕ್ಟೇರನ್ನು ಇಲ್ಲಿ ಯಾರು ನಂಬುತ್ತಾರೆ?

ಇಳಿಕೆ ಅಡುಗೆಮನೆಯಿಂದ ಶುರುವಾಯಿತು. 14.2 ಕಿಲೋದ ಒಂದು ಸಿಲಿಂಡರ್ ಉರಿದರೆ ಸುಮಾರು 42 ಕಿಲೋ ಇಂಗಾಲದ ಡೈಆಕ್ಸೈಡ್ ಎಂದು ಅವ್ವನಿಗೆ ತಿಳಿಸಿದೆ. “ಹದಿನಾಲ್ಕ ತಂದ್ರ ನಲವತ್ತೆರಡ ಆಗ್ತೈತಿ? ಹಂಗಾದ್ರ ಅದನ್ನ ಮಾರೂಣಲ್ಲೋ” ಎಂದಳು. ಉರಿಯುವಾಗ ಗಾಳಿಯ ಆಮ್ಲಜನಕ ಕೂಡಿ ತೂಕ ಹೆಚ್ಚುತ್ತದೆ ಎಂದು ಹೇಳುವಷ್ಟರಲ್ಲಿ ಅವಳು ಹಿತ್ತಲಿಗೆ ಹೋಗಿದ್ದಳು. ಮಾದರಿಯಾಗಲು ನಾನೇ ತಣ್ಣೀರು ಸ್ನಾನ ಹಿಡಿದೆ, ನೆಗಡಿ ನನ್ನನ್ನು ಹಿಡಿಯಿತು. ಕಷಾಯ ಕುದಿದದ್ದು ಅದೇ ಸಿಲಿಂಡರಿನ ಮೇಲೆ, ಹೊತ್ತು ಹೊತ್ತಿಗೆ.

ಆಮೇಲೆ ಕಾಕಾನ ಬೈಕಿನ ಹಿಂದಿನ ಸೀಟು ಬಿಟ್ಟು, ಸರ್ಕಾರ ತಂಗಿಗೆ ಎಂಟನೇ ತರಗತಿಯಲ್ಲಿ ಕೊಟ್ಟ ಸೈಕಲ್ ಹತ್ತಿದೆ. ಸೈಕಲ್ ಕಳಕೊಂಡ ತಂಗಿ ಆ ಸೀಟು ಹತ್ತಿದಳು. ಅವಳನ್ನು ಶಾಲೆಗೆ ಬಿಡುವುದು, ಕರೆತರುವುದು ಎಂದು ಬೈಕಿನ ತಿರುಗಾಟ ಹೆಚ್ಚೇ ಆಯಿತು. ಲೀಟರ್ ಪೆಟ್ರೋಲಿಗೆ 2.3 ಕಿಲೋ ಹೊಗೆ ನನ್ನ ಖಾತೆಗೋ, ಅವಳ ಖಾತೆಗೋ? ಪ್ರಶ್ನಾವಳಿಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಅಷ್ಟರಲ್ಲಿ ಕಬ್ಬಿನ ಹಂಗಾಮು ಬಂತು. ಎರಡು ಟ್ರೇಲರ್ ಕಟ್ಟಿಕೊಂಡು ಹಾಡು ಹಚ್ಚಿಕೊಂಡು ಬಂದ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋಗಿ ಕಾಲುವೆಗೆ ಇಳಿದೆ. ಚಕ್ರ ಸೊಟ್ಟಗಾದ ಸೈಕಲ್ಲೂ ನಾನೂ ಮನೆಗೆ ಮರಳಿದ್ದು ಕಪ್ಪು ಹೊಗೆ ಕಾರುವ ಟಂಟಂನಲ್ಲಿ.

ಇಷ್ಟೆಲ್ಲ ಬರೆದಿಟ್ಟುಕೊಂಡು ಹೊಲಕ್ಕೆ ಹೋದರೆ ಕಾಕಾ ಕಡ್ಡಿಪೆಟ್ಟಿಗೆ ಹಿಡಿದು ನಿಂತಿದ್ದಾನೆ. ಕಬ್ಬು ಕಡಿದ ಹೊಲದ ರವದಿ ಸುಡಬೇಕು. ಎಕರೆಗೆ ಮೂರ್ನಾಲ್ಕು ಟನ್ ಒಣ ಗರಿ! ನನ್ನ ತಣ್ಣೀರು, ನೆಗಡಿ, ಸೈಕಲ್ಲು ಎಲ್ಲ ಒಂದು ಕಡ್ಡಿಗೆ ಸಮ.

“ಸುಡಬ್ಯಾಡ ಕಾಕಾ!”

“ಈ ರವದಿ ಯಾರ ವಾಟ್ನಿಯೊಳಗ ಬರ್ತೈತಿ? ನಿಂದೋ, ನಂದೋ?”

ಜಗತ್ತಿನ ತುಂಬ ಹರಡಿದ್ದ ನನ್ನ ಎರಡೆಕರೆ ಆಗ ಉಪಯೋಗಕ್ಕೆ ಬಂತು. “ನಂದು!” ಎಂದೆ. “ಹಂಗಾದ್ರ ನೀನs ಹಾಸು” ಎಂದು ಕಡ್ಡಿಪೆಟ್ಟಿಗೆ ಕಿಸೆಗೆ ಹಾಕಿಕೊಂಡು ನಡೆದ. ಸಾಲು ಬಿಟ್ಟು ಸಾಲಿಗೆ ರವದಿ ತುಂಬಿದೆ. ಗರಿ ಕೊಯ್ದು ಕೈ ತುಂಬ ಗೀರು, ಮೈ ತುಂಬ ತುರಿಕೆ. ಇಲಿ ಸೇರುತ್ತವೆ, ನೀರು ಹಾಯುವುದಿಲ್ಲ ಎಂದು ಬದುವಿನ ಮೇಲೆ ನಿಂತವರ ಕಾಮೆಂಟರಿ ಬೇರೆ. ಬಗ್ಗಿದ ಸೊಂಟ ನೆಟ್ಟಗಾಗುವ ಮೊದಲೇ ಪ್ರಾಜೆಕ್ಟಿನ ಕೊನೆಯ ತಾರೀಖು ದಾಟಿತ್ತು.

ಅಂಕ ಹೋಯಿತು, ಹೋಗಲಿ. ರವದಿ ಹಾಸಿದ ನೆಲದಲ್ಲಿ ಹಸಿ ಹೆಚ್ಚು ದಿನ ನಿಲ್ಲುತ್ತದೆ, ಕಸ ಕಡಿಮೆ ಏಳುತ್ತದೆ, ಕೊಳೆತರೆ ಅದೇ ಗೊಬ್ಬರ. ಸುಟ್ಟರೆ ಸಾರಜನಕ ಹೊಗೆಯಾಗಿ ಹೋಗುತ್ತದೆ, ಅದನ್ನೇ ಯೂರಿಯಾ ಚೀಲದಲ್ಲಿ ದುಡ್ಡು ಕೊಟ್ಟು ತರಬೇಕು. ಆದ್ದರಿಂದ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ವಿದ್ಯಾರ್ಥಿ ಮಿತ್ರರೇ, ನೀವು ಬಿಸಿನೀರಿನಲ್ಲೇ ಮೀಯಿರಿ, ತಂಗಿಯ ಸೈಕಲ್ ತಂಗಿಗೇ ಇರಲಿ. ಹಂಗಾಮು ಮುಗಿದ ಮೇಲೆ ಮನೆಯವರ ಕೈಯಿಂದ ಕಡ್ಡಿಪೆಟ್ಟಿಗೆಯನ್ನಷ್ಟು ಇಸಿದುಕೊಳ್ಳಿ.