ಜೀಪುಮೀಮಾಂಸೆ: ದಿಲ್‌ಸುಖ್‌ನಗರ ಪಾಠ

ಶಬ್ದಕ್ಕೆ ಅಭಿಧಾ, ಲಕ್ಷಣಾ, ವ್ಯಂಜನಾ ಎಂಬ ಮೂರು ಶಕ್ತಿಗಳಿವೆ ಎಂದು ನಮ್ಮ ಆಲಂಕಾರಿಕರು ಕಂಡುಕೊಂಡರು. ವಾಹನಕ್ಕೂ ಅವೇ ಮೂರು ಶಕ್ತಿಗಳಿವೆ ಎಂಬುದು ಈ ಪ್ರಬಂಧದ ಪ್ರತಿಜ್ಞೆ. ಗೊಬ್ಬರದ ಚೀಲ ಹೊರುವುದು ಅಭಿಧಾ. ಬೇಕಾದರೆ ಹೊರುತ್ತೇನೆ ಎಂಬಂತೆ ಎದೆಯುಬ್ಬಿಸಿ ನಿಲ್ಲುವುದು ಲಕ್ಷಣಾ. ಗೊಬ್ಬರದ ವಾಸನೆಯೇ ಗೊತ್ತಿಲ್ಲದ ಯಜಮಾನನ ಮನೆಮುಂದೆ ಕವರ್ ಹೊದ್ದು ಮಲಗಿ, ಅವನು ಕಾಡುಮೇಡು ಅಲೆಯುವ ಗಂಡೆದೆಯವನೆಂದು ಬೀದಿಗೆಲ್ಲ ಸೂಚಿಸುವುದು ವ್ಯಂಜನಾ. ಮೊದಲನೆಯದಕ್ಕೆ ಬಾಡಿಗೆ ಸಿಗುತ್ತದೆ. ಮೂರನೆಯದಕ್ಕೆ ಕಂತು ಕಟ್ಟಬೇಕು.

ಸಂಶೋಧನಾ ಕ್ಷೇತ್ರ ಹೈದರಾಬಾದಿನ ದಿಲ್‌ಸುಖ್‌ನಗರ. ಉಪಕರಣಗಳು: ಎರಡನೇ ಮಹಡಿಯ ಬಾಲ್ಕನಿ, ಒಂದು ಪ್ಲಾಸ್ಟಿಕ್ ಕುರ್ಚಿ, ನಿವೃತ್ತಿ. ದಿಲ್ ಎಂದರೆ ಹೃದಯ, ಸುಖ್ ಎಂದರೆ ಸುಖ. ಹೆಸರಿನಲ್ಲಿ ಸೊಂಟದ ಪ್ರಸ್ತಾಪ ಇಲ್ಲದಿರುವುದನ್ನು ಇಲ್ಲಿನ ಹಂಪುಗಳ ಮೇಲೆ ಆಟೊದಲ್ಲಿ ಹೋದವರು ಗಮನಿಸಿಯೇ ಇರುತ್ತಾರೆ. ಭೂಗೋಳದ ಲೆಕ್ಕದಲ್ಲಿ ಇದು ಮರುಭೂಮಿಯೂ ಅಲ್ಲ, ಹಿಮಾಲಯವೂ ಅಲ್ಲ. ಕೋಚಿಂಗ್ ಸೆಂಟರು, ಹಾಸ್ಟೆಲು, ಸಾಯಿಬಾಬಾ ಗುಡಿ, ಸೀರೆ ಅಂಗಡಿ, ನಡುವೆ 65ನೇ ರಾಷ್ಟ್ರೀಯ ಹೆದ್ದಾರಿ, ಅದರ ನೆತ್ತಿಯ ಮೇಲೆ 2018ರ ಸೆಪ್ಟೆಂಬರಿನಿಂದ ಮೆಟ್ರೊ. ಇಷ್ಟು ಡಾಂಬರಿನ ನಡುವೆ ಮರುಭೂಮಿಯ ಹೆಸರು ಹೊತ್ತ ಥಾರ್ ಎಂಬ ಗಾಡಿ ಹೇಗೆ ಹುಟ್ಟಿಕೊಂಡಿತು? ಜೀವವಿಜ್ಞಾನಿಗಳು ಕೈಚೆಲ್ಲುವ ಈ ಪ್ರಶ್ನೆಗೆ ಮೀಮಾಂಸೆಯಲ್ಲಿ ಮಾತ್ರ ಉತ್ತರವಿದೆ. ‘ಕರ್ದಮಾಭಾವೇಽಪಿ ಕರ್ದಮಗರ್ವಃ’ ಎಂಬುದು ಸೂತ್ರ. ಕೆಸರಿಲ್ಲದಿದ್ದರೂ ಕೆಸರಿನ ಗರ್ವ ಇರಬಹುದು ಎಂದರ್ಥ. ಸೂತ್ರಕಾರ ನಾನೇ, ಭಾಷ್ಯಕಾರನೂ ನಾನೇ. ಹೀಗಾಗಿ ಭಿನ್ನಾಭಿಪ್ರಾಯಕ್ಕೆ ಎಡೆಯಿಲ್ಲ.

ಮೊದಲು ನಿರುಕ್ತ. ‘ಜೀಪು’ ಶಬ್ದ ಇಂಗ್ಲಿಷಿನ ಜಿ, ಪಿ ಎಂಬ ಎರಡಕ್ಷರಗಳಿಂದ ಬಂತೆಂದು ಒಂದು ಪಂಥ. 1936ರಲ್ಲಿ ಪೊಪಾಯ್ ವ್ಯಂಗ್ಯಚಿತ್ರಮಾಲೆಗೆ ಬಂದ ಯುಜೀನ್ ದಿ ಜೀಪ್ ಎಂಬ ಮಾಯಾಪ್ರಾಣಿಯಿಂದ ಬಂತೆಂದು ಇನ್ನೊಂದು. ವ್ಯಾಕರಣ ಮೊದಲ ಪಂಥದ ಕಡೆಗಿರಬಹುದು, ಶೋರೂಮು ಎರಡನೆಯದರ ಕಡೆಗಿದೆ.

ಇತಿಹಾಸವನ್ನು ನೋಡಿದರೆ ಈ ಪ್ರಾಣಿ ದುಡಿಯಲೆಂದೇ ಹುಟ್ಟಿದ್ದು. ಮಹೀಂದ್ರಾದವರು ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ಶುರುಮಾಡಿದ್ದು 1940ರ ದಶಕದ ಕೊನೆಯಲ್ಲಿ. ಆಮೇಲಿನ ದಶಕಗಳಲ್ಲಿ ನಮ್ಮ ಕಡೆ ಜೀಪೆಂದರೆ ಅರಣ್ಯ ಇಲಾಖೆ, ಪೊಲೀಸು, ತಹಶೀಲ್ದಾರರು, ಚುನಾವಣೆಯ ಮೈಕು. ಮಲೆನಾಡಿನ ಕಾಫಿ ತೋಟದಲ್ಲಿ ಅದು ಆಳುಗಳನ್ನು ಹೊತ್ತಿತು, ಮೂಟೆ ಹೊತ್ತಿತು, ಹೆರಿಗೆ ನೋವಿನ ಹೆಣ್ಣುಮಗಳನ್ನು ಆಸ್ಪತ್ರೆಗೂ ಹೊತ್ತಿತು. ಕೊಡಚಾದ್ರಿಯ ಕಲ್ಲುಹಾದಿಯಲ್ಲಿ ಪ್ರವಾಸಿಗರನ್ನು ತುಂಬಿಕೊಂಡು ಏರುವ ಜೀಪನ್ನು ಕಂಡವರಿಗೆ ಗೊತ್ತು: ಅದಕ್ಕೆ ಬಣ್ಣ ಯಾವುದೆಂದು ಚಾಲಕನಿಗೇ ಖಾತ್ರಿಯಿರುವುದಿಲ್ಲ, ಬಾಗಿಲು ಇದ್ದರೆ ಅದೃಷ್ಟ. ಅಂಥ ಜೀಪಿಗೆ ಯಾರೂ ಜಾಹೀರಾತು ಬರೆಯಲಿಲ್ಲ. ಹಾರೆ ಗುದ್ದಲಿಗೆ ಯಾರಾದರೂ ಜಾಹೀರಾತು ಬರೆಯುತ್ತಾರೆಯೆ?

ಪಾಶ್ಚಾತ್ಯ ಪರಂಪರೆಯಲ್ಲೂ ಇದೇ ಕಥೆ. 1948ರಲ್ಲಿ ಆಮ್‌ಸ್ಟರ್‌ಡಾಮ್ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಲ್ಯಾಂಡ್ ರೋವರ್ ಹೊಲಗದ್ದೆಯ ಗಾಡಿ. ಯುದ್ಧಾನಂತರ ಉಕ್ಕಿಗೆ ಬರವಿತ್ತು, ಮೈಗೆ ಅಲ್ಯುಮಿನಿಯಂ ತೊಡಿಸಿದರು. 1970ರ ರೇಂಜ್ ರೋವರ್ ಕೂಡ ಶುರುವಿನಲ್ಲಿ ಪೈಪು ಹಿಡಿದು ಒಳಗಡೆ ತೊಳೆಯಬಹುದಾದ ಗಾಡಿಯಾಗಿತ್ತು, ಸೀಟಿಗೆ ವಿನೈಲ್ ಹೊದಿಕೆ. ಕ್ರಮೇಣ ವಿನೈಲ್ ಹೋಗಿ ಚರ್ಮ ಬಂತು, ಪೈಪು ಹೋಗಿ ಡ್ರೈವರ್ ಬಂದ. 2008ರಲ್ಲಿ ಆ ಕಂಪನಿಯನ್ನು ಟಾಟಾದವರು ಕೊಂಡರು. ಈಗ ಆ ವಂಶದ ಕುಡಿಗಳು ಬಂಜಾರಾ ಹಿಲ್ಸ್ ಕಡೆ ಮದುವೆ ಊಟಕ್ಕೆ ಬರುತ್ತವೆ. ಅವುಗಳ ವಿಚಾರ ನನ್ನ ಕುರ್ಚಿಗೆ ಎಟುಕದು, ಬಿಡುತ್ತೇನೆ.

ಮಹೀಂದ್ರಾದವರ ಥಾರ್‌ಗೆ ಬರೋಣ. 2010ರ ಮೊದಲ ಅವತಾರ ಇನ್ನೂ ಹಳೆಯ ಜೀಪಿನ ಮೊಮ್ಮಗನಂತಿತ್ತು. 2020ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, ಎರಡನೇ ಅವತಾರ ಮಾರಾಟಕ್ಕೆ ಬಂತು. ಕಂಪನಿಯವರು ಅದ್ವೈತಿಗಳಲ್ಲ. ಒಂದೇ ಗಾಡಿಯನ್ನು ಎಎಕ್ಸ್, ಎಲ್‌ಎಕ್ಸ್ ಎಂದು ಎರಡಾಗಿ ಸೀಳಿ, ಮೊದಲನೆಯದು ಸಾಹಸಿಗಳಿಗೆ, ಎರಡನೆಯದು ಜೀವನಶೈಲಿಯವರಿಗೆ ಎಂದರು. ದುಡಿಮೆಯವರಿಗೆ ಎಂಬ ಮೂರನೇ ಸಾಲು ಇರಲಿಲ್ಲ. ನೀರು ಹೊರಹೋಗಲು ಬಚ್ಚಲಿಗೆ ತೂತಿರುವಂತೆ ಗಾಡಿಯ ತಳಕ್ಕೂ ಬಿರಡೆ ಇಟ್ಟಿದ್ದರು, ಒಳಗೆ ನೀರು ಹುಯ್ದು ತೊಳೆಯಬಹುದು. 650 ಮಿಲಿಮೀಟರ್ ನೀರಿನಲ್ಲಿ ನಡೆಯುತ್ತದೆ ಎಂದರು. ಮುಂಗಾಲೆತ್ತಿ 41.8 ಡಿಗ್ರಿಯ ಏರನ್ನು ಮೂಗು ತಾಗಿಸದೆ ಹಿಡಿಯುತ್ತದೆ ಎಂದರು. ಎಲ್ಲವೂ ನಿಜ. ನನ್ನ ತಕರಾರು ನಿಜದ ಮೇಲಲ್ಲ, ಅದರ ವಿನಿಯೋಗದ ಮೇಲೆ.

ನಮ್ಮ ಅಪಾರ್ಟ್‌ಮೆಂಟಿನ ಮೇಲಿನ ಮನೆಯ ತಮ್ಮ ಒಂದು ಕಪ್ಪು ಥಾರ್ ತಂದ. ಗುಡಿಯ ಮುಂದೆ ಪೂಜೆಯಾಯಿತು. ಅಂದು ಆ ಗಾಡಿ ಏರಿದ ದುರ್ಗಮ ಭೂಪ್ರದೇಶ ನಾಲ್ಕು ನಿಂಬೆಹಣ್ಣು. ಮೂರು ವರ್ಷಗಳ ಅವಲೋಕನದಲ್ಲಿ ಆ ದಾಖಲೆ ಇನ್ನೂ ಮುರಿದಿಲ್ಲ. ಗೇರಿನ ಪಕ್ಕದ ಪುಟ್ಟ ಕೋಲು, ನಾಲ್ಕೂ ಚಕ್ರಗಳಿಗೆ ಜೀವ ಕೊಡುವಂಥದು, ಪ್ಲಾಸ್ಟಿಕ್ ಹೊದಿಕೆಯಲ್ಲೇ ಇದೆ. ಇದನ್ನೇ ಆನಂದವರ್ಧನನು ಧ್ವನಿ ಎಂದದ್ದು: ಬಾಯಿಬಿಟ್ಟು ಹೇಳದೆಯೂ ಕಾವ್ಯದ ಆತ್ಮವಾಗಿ ಕೂತಿರುವುದು.

ಮಳೆಗಾಲದ ಪ್ರಯೋಗ ಇನ್ನೂ ಬೋಧಪ್ರದ. 2020ರ ಅಕ್ಟೋಬರ್ ಮಧ್ಯದಲ್ಲಿ ಸರೂರ್‌ನಗರ ಕೆರೆ ಉಕ್ಕಿ ಸುತ್ತಲಿನ ಕಾಲೊನಿಗಳು ಮುಳುಗಿದಾಗ ಜನರನ್ನು ಸಾಗಿಸಿದ್ದು ದೋಣಿ. ಅದನ್ನು ಕಂಡವರಿಗೆ ಇಂದಿಗೂ ಮೋಡ ಕವಿದರೆ ಎದೆ ಡವಡವ ಅನ್ನುತ್ತದೆ, ಅದರಲ್ಲಿ ನಗುವಂಥದೇನೂ ಇಲ್ಲ. ಹೀಗಾಗಿ ಜೋರು ಮಳೆ ಎಂದು ಮೊಬೈಲು ಕೂಗಿದೊಡನೆ ತಮ್ಮ ಕೆಳಗಿಳಿದು, 650 ಮಿಲಿಮೀಟರ್ ನೀರಿನಲ್ಲಿ ನಡೆಯಬಲ್ಲ ಗಾಡಿಯನ್ನು ಎತ್ತರದ ಬೀದಿಗೆ ಒಯ್ದು ನಿಲ್ಲಿಸಿ, ಪ್ಯಾಂಟು ಮಡಚಿ, ಮೊಣಕಾಲುದ್ದ ನೀರಿನಲ್ಲಿ ತಾನೇ ನಡೆದು ಬರುತ್ತಿದ್ದ. ಆಫೀಸಿಗೆ ಮೆಟ್ರೊ. ‘ಅಂಕಲ್, ಸೀಟು ಹಾಳಾದರೆ?’ ಎಂದ. ತಳದ ಬಿರಡೆಯ ಮಾತನ್ನು ನಾನು ಎತ್ತಲಿಲ್ಲ. ಸಂಶೋಧಕ ಪ್ರಯೋಗದಲ್ಲಿ ಕೈಹಾಕಬಾರದು.

ಇನ್ನು ಸ್ಮೃತಿಕಾರರು, ಅಂದರೆ ಜಿಎಸ್‌ಟಿಯವರು. ಐಷಾರಾಮವೆಂದರೇನು ಎಂದು ಋಷಿಗಳು ನಿರ್ಧರಿಸಲಾಗದ್ದನ್ನು ಅವರು ಟೇಪು ಹಿಡಿದು ನಿರ್ಧರಿಸಿದ್ದಾರೆ. 2025ರ ಸೆಪ್ಟೆಂಬರ್ 22ರಿಂದ, ನಾಲ್ಕು ಮೀಟರ್ ಮೀರದ, 1500 ಸಿಸಿ ಮೀರದ ಡೀಸೆಲ್ ಕಾರಿಗೆ ತೆರಿಗೆ ಶೇ. 18, ಮೀರಿದರೆ ಶೇ. 40. ಮೂರು ಬಾಗಿಲಿನ ಥಾರ್‌ನ ಉದ್ದ 3985 ಮಿಲಿಮೀಟರ್. ಸಾಮಾನ್ಯನಿಗೂ ವಿಲಾಸಿಗೂ ನಡುವಿನ ಅಂತರ ಹದಿನೈದು ಮಿಲಿಮೀಟರ್, ಒಂದೆರಡು ಕಡಲೆಕಾಳಿನಷ್ಟು. ರಸ ಇರುವುದು ಮುಂದಿನ ಮಾತಿನಲ್ಲಿ. 2023ರ ಜನವರಿಯಲ್ಲಿ ಬಂದ, ಹಿಂದಿನ ಎರಡೇ ಚಕ್ರ ತಳ್ಳುವ, 1.5 ಲೀಟರ್ ಡೀಸೆಲ್ಲಿನ ಥಾರ್ ಈ ಲೆಕ್ಕದಲ್ಲಿ ಸಾಮಾನ್ಯ ಕಾರು. ನಾಲ್ಕೂ ಚಕ್ರ ಎಳೆದು ನಿಜವಾಗಿ ಕೆಸರಿಗಿಳಿಯಬಲ್ಲ ದೊಡ್ಡ ಎಂಜಿನ್ನಿನದು ಐಷಾರಾಮ. ವೇಷ ಹಾಕಿದವನಿಗೆ ರಿಯಾಯಿತಿ, ಕಸುಬು ಬಲ್ಲವನಿಗೆ ದಂಡ. ಯಕ್ಷಗಾನ ಮೇಳದವರಿಗೆ ಇದು ತಿಳಿದರೆ ಸಂತೋಷಪಟ್ಟಾರು.

ಥಾರ್ ದುಡಿಮೆಗೂ ಒದಗುತ್ತದೆ ಎಂಬ ಪೂರ್ವಪಕ್ಷದ ಪರವಾಗಿ ವಾದಿಸಲು ನಮ್ಮ ಸೋದರಮಾವನನ್ನು ಶೋರೂಮಿಗೆ ಕರೆದೊಯ್ದೆ. ಯಾವ ಶೋರೂಮೆಂಬುದು ಶಾಸ್ತ್ರಕ್ಕೆ ಅಪ್ರಸ್ತುತ. ಮಾವನ ಹೊಲ ಹುಮನಾಬಾದಿನ ಹತ್ತಿರ. ನಮ್ಮ ಮನೆ ಮುಂದಿನ ಹೆದ್ದಾರಿಯನ್ನೇ ಹಿಡಿದು ಜಹೀರಾಬಾದ್ ದಾಟಿದರೆ ಅವರ ಊರು. ಜಹೀರಾಬಾದಿನಲ್ಲಿ ಇದೇ ಮಹೀಂದ್ರಾದವರ ಟ್ರ್ಯಾಕ್ಟರ್ ಕಾರ್ಖಾನೆಯೂ ಇದೆ. ಮಾವ ಐದು ಬಾಗಿಲಿನ ಥಾರ್ ರಾಕ್ಸನ್ನು ಎರಡು ಸುತ್ತು ಹಾಕಿ, ಎತ್ತಿನ ಹಲ್ಲು ನೋಡುವವರಂತೆ ಬಗ್ಗಿ ನೋಡಿ, ಕೇಳಿದರು:

‘ಚಲೋ ಅದ. ಹಿಂದ ಡಾಲಾ ಎಲ್ಲಿ?’

ಟೈ ಕಟ್ಟಿದ ಹುಡುಗ ನನ್ನತ್ತ ನೋಡಿದ. ಸಾಮಾನು ತುಂಬುವ ಹಿಂದಿನ ತೊಟ್ಟಿ ಎಲ್ಲಿ ಎಂದು ನಾನು ತೆಲುಗಿಗೆ ಇಳಿಸಿದೆ. ಅವನು ನಗುತ್ತ, ‘ಸಾರ್, ರೋಡ್ ಪ್ರೆಸೆನ್ಸ್ ಚೂಡಂಡಿ’ ಎಂದ. ಮೇಲೆ ಗಾಜಿನ ಛಾವಣಿ ಸರಿಯಿತು, ಸೀಟಿನಿಂದ ತಂಗಾಳಿ ಬಂತು.

‘ಕುಂಡಿಗಿ ಗಾಳಿ ಹೊಡಿತದ ಅಳಿಯಾ’ ಎಂದು ಮಾವ ಗಾಬರಿಯಾಗಿ ಎದ್ದರು. ‘ತೊಗರಿ ಚೀಲ ಎಷ್ಟು ಹಿಡಿತಾವ ಕೇಳು.’

ಹುಡುಗನ ಮುಖದಲ್ಲಿ ಕಂಡ ನೋವನ್ನು ನಾನು ಕರುಣರಸಕ್ಕೆ ಉದಾಹರಣೆಯಾಗಿ ಎತ್ತಿಟ್ಟುಕೊಂಡಿದ್ದೇನೆ. ಪೂರ್ವಪಕ್ಷ ಅಲ್ಲಿಗೆ ಬಿದ್ದುಹೋಯಿತು. ಮಾವ ರಸ್ತೆಯಾಚೆ ನಿಲ್ಲಿಸಿದ್ದ ತಮ್ಮ ಪಿಕಪ್ಪಿನ ಹತ್ತಿರ ಹೋಗಿ ಅದರ ಬಾನೆಟ್ ಮೇಲೆ ಕೈಯಿಟ್ಟು ಬೀಡಿ ಹಚ್ಚಿದರು. ಅದರ ರೋಡ್ ಪ್ರೆಸೆನ್ಸ್ ನೋಡಿ ಟ್ರಾಫಿಕ್ ಪೊಲೀಸ್ ಆಗಲೇ ಬರುತ್ತಿದ್ದ.

ಒಂದು ಅನುಬಂಧ. ಹೋದ ಕಾರ್ತಿಕದಲ್ಲಿ ಮೇಲಿನ ಮನೆಯ ತಮ್ಮ ನಾಗೋಲಿಗೆ ಮನೆ ಬದಲಿಸಿದ. ಫ್ರಿಜ್ಜು ಥಾರ್‌ನ ಹಿಂಬಾಗಿಲಿನಲ್ಲಿ ಹಿಡಿಸಲಿಲ್ಲ. ಹಿಡಿಸಿದ್ದರೂ ಗೀರು ಬೀಳುತ್ತಿತ್ತು. ಅವತ್ತು ತೊಗರಿ ಮಾರಲು ಬಂದಿದ್ದ ಮಾವನ ಪಿಕಪ್ಪಿನಲ್ಲಿ ಫ್ರಿಜ್ಜು, ಮಂಚ, ತುಳಸಿ ಕುಂಡ, ಥಾರ್‌ನ ಕವರು ಎಲ್ಲ ಹೋದವು. ಬಾಡಿಗೆ ಎಷ್ಟೆಂದಾಗ ಮಾವ ಡೀಸೆಲ್ಲಿನ ದುಡ್ಡು, ಒಂದು ಇರಾನಿ ಚಾಯ್ ಎಂದರು.

ಸಂಶೋಧನೆ ಅಪೂರ್ಣವಾಗಿಯೇ ಉಳಿದಿದೆ. ಮೂಸಾರಾಂಬಾಗ್‌ನಿಂದ ಚೈತನ್ಯಪುರಿಯವರೆಗೆ ಯಾವನಾದರೂ ಆ ಪುಟ್ಟ ಕೋಲನ್ನು ಎಳೆದದ್ದನ್ನು ಕಂಡ ಓದುಗರು ದಯವಿಟ್ಟು ತಿಳಿಸಬೇಕು. ಗಾಡಿಯ ನಂಬರು ಬೇಡ, ಟೈರಿಗೆ ಮೆತ್ತಿದ ಕೆಸರು ಒಂದು ಚಿಟಿಕೆ ಸಾಕು.