ಬೆಟ್ಟದ ಭಾವ

ಬಾಸ್ಟನ್ ಸುತ್ತಮುತ್ತಲಿನ ಕನ್ನಡದವರ ಮನೆಯಲ್ಲಿ ಸತ್ಯನಾರಾಯಣ ಪೂಜೆಯಿರಲಿ, ಸೀಮಂತವಿರಲಿ, ಕುರ್ಚಿಯಿಂದ ಏಳುವಾಗ "ಅಯ್ಯಮ್ಮಾ" ಎಂದು ಮೊಣಕಾಲು ಹಿಡಿದುಕೊಂಡು, ನೋವಿನ ಜಾಗದಲ್ಲಿ ಸಂತೋಷ ಕಾಣಿಸುವ ಒಬ್ಬ ಮಹನೀಯರು ಇದ್ದೇ ಇರುತ್ತಾರೆ. ಏನಾಯ್ತು ಎಂದು ಕೇಳಬಾರದು. ಕೇಳಿದರೆ ಜೇಬಿನಿಂದ ಫೋನು ಬರುತ್ತದೆ, ಫೋನಿನಿಂದ ನಕ್ಷೆ ಬರುತ್ತದೆ, ಪಾಯಸ ಆರುತ್ತದೆ.

ನಮ್ಮ ಬಳಗದಲ್ಲಿ ಇವರಿಗೆ ಬೆಟ್ಟದ ಭಾವ ಎಂದು ಹೆಸರು. ಮೂಲತಃ ಯಾರಿಗೆ ಭಾವ ಎಂಬುದು ಈಗ ಯಾರಿಗೂ ನೆನಪಿಲ್ಲ. ಮೈಸೂರಿನವರು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಕಣ್ಣೆದುರೇ ಇದ್ದರೂ ಇಪ್ಪತ್ತೈದು ವರ್ಷ ಸಿಟಿ ಬಸ್ಸಿನಲ್ಲೇ ಹೋಗಿ ತಾಯಿಯ ದರ್ಶನ ಮಾಡಿಬಂದವರು. ಅಮೆರಿಕಕ್ಕೆ ಬಂದ ಮೇಲೆ, ನಲವತ್ತು ದಾಟಿ, ಸಕ್ಕರೆಯ ಅಂಶ ಗಡಿಯಲ್ಲಿದೆ ಎಂದು ಡಾಕ್ಟರು ಹೇಳಿದ ವಾರ ಅವರಿಗೆ ಪರ್ವತದ ಕರೆ ಕೇಳಿಸಿತು.

ಕರೆ ಬಂದದ್ದು ಒಂದು ಪಟ್ಟಿಯ ರೂಪದಲ್ಲಿ. ನ್ಯೂ ಹ್ಯಾಂಪ್‌ಶೈರಿನ ವೈಟ್ ಮೌಂಟನ್ಸ್‌ನಲ್ಲಿ 4,000 ಅಡಿಗೂ ಎತ್ತರದ 48 ಶಿಖರಗಳ ಪಟ್ಟಿಯೊಂದಿದೆ. 1876ರಲ್ಲಿ ಹುಟ್ಟಿದ ಅಪಲಾಚಿಯನ್ ಮೌಂಟನ್ ಕ್ಲಬ್ಬಿನ ಸಮಿತಿಯೊಂದು 1957ರಿಂದ ಇದರ ಲೆಕ್ಕ ನೋಡಿಕೊಳ್ಳುತ್ತಿದೆ. ನಲವತ್ತೆಂಟನ್ನೂ ಹತ್ತಿ ಅರ್ಜಿ ಹಾಕಿದರೆ ಪ್ರಮಾಣಪತ್ರ, ಜೊತೆಗೆ ಚೀಲಕ್ಕೆ ಹೊಲಿದುಕೊಳ್ಳಲು ಬಟ್ಟೆಯ ಬಿಲ್ಲೆ. ಹತ್ತಿದ್ದು ನಾಯಿಯಾದರೆ ಅದೂ ಅರ್ಜಿ ಹಾಕಬಹುದಂತೆ. ಹಾಲುಗಲ್ಲದ ವಯಸ್ಸಿನಿಂದ ಅಂಕಪಟ್ಟಿಗಳ ನಡುವೆಯೇ ಬೆಳೆದ ನಮ್ಮವರಿಗೆ ಇದಕ್ಕಿಂತ ಹಿತವಾದ ಪ್ರಕೃತಿಪ್ರೇಮ ಇನ್ನೊಂದಿರಲಿಕ್ಕಿಲ್ಲ.

ಭಾವನವರ ಪೂರ್ಣಾವತಾರ ನೋಡಬೇಕಾದರೆ ಅವರ ಜೊತೆ ಫ್ರಾಂಕೋನಿಯಾ ರಿಜ್ ಸುತ್ತು ಹಾಕಬೇಕು. ಒಂಬತ್ತು ಮೈಲಿಗೆ ತುಸು ಕಡಿಮೆ. ಏರುವುದು ಒಟ್ಟು 3,800 ಅಡಿಯ ಆಸುಪಾಸು. ಜಲಪಾತಗಳ ಪಕ್ಕದ ಫಾಲಿಂಗ್ ವಾಟರ್ಸ್ ದಾರಿಯಲ್ಲಿ ಹತ್ತಿ, ಲಿಟಲ್ ಹೇಸ್ಟ್ಯಾಕ್, ಲಿಂಕನ್, ಲಾಫಯೆಟ್ ಎಂಬ ಮೂರು ತಲೆಗಳ ಮೇಲೆ ನಡೆದು, ಓಲ್ಡ್ ಬ್ರೈಡಲ್ ಪಾತ್ ಹಿಡಿದು ಇಳಿಯುವುದು. ಉಲ್ಟಾ ಹೋಗಬಾರದು, ಒದ್ದೆ ಬಂಡೆಯ ಮೇಲೆ ಇಳಿದರೆ ಸೊಂಟ ಹೋಗುತ್ತದೆ. ಇದು ನಿಜ. ಭಾವ ಹೇಳುವುದೆಲ್ಲ ನಿಜವೇ. ಅದೇ ಅವರ ಜೊತೆಗಿನ ಕಷ್ಟ.

ಶನಿವಾರ ಬೆಳಗಿನ ಜಾವ ಮೂರೂವರೆಗೆ ಹೊರಡಬೇಕು. ಬಾಸ್ಟನ್ನಿನಿಂದ ಎರಡು ಗಂಟೆಗೂ ಹೆಚ್ಚಿನ ದಾರಿ, ತಡವಾದರೆ ಪಾರ್ಕಿಂಗ್ ಸಿಗುವುದಿಲ್ಲ. ಹಿಂದಿನ ರಾತ್ರಿಯೇ ವಾಟ್ಸಾಪಿನಲ್ಲಿ ಸಾಮಾನಿನ ಪಟ್ಟಿ, ಮೌಂಟ್ ವಾಷಿಂಗ್ಟನ್ ವೀಕ್ಷಣಾಲಯದ ಹವಾಮಾನ ವರದಿ, ಮತ್ತು ಅದೇ ಶಿಖರದಲ್ಲಿ 1934ರ ಏಪ್ರಿಲಿನಲ್ಲಿ ಗಂಟೆಗೆ 231 ಮೈಲಿ ವೇಗದ ಗಾಳಿ ಬೀಸಿತ್ತೆಂಬ ಜ್ಞಾಪನೆ ಬಂದಿರುತ್ತದೆ. ಎಚ್ಚರಗೇಡಿಯಾಗಿ ಸಿಕ್ಕಿಹಾಕಿಕೊಂಡವರಿಂದ ಪಾರುಮಾಡಿದ ಖರ್ಚನ್ನು ನ್ಯೂ ಹ್ಯಾಂಪ್‌ಶೈರ್ ಸರ್ಕಾರ ವಸೂಲಿ ಮಾಡಬಹುದು; ಅದರಿಂದ ತಪ್ಪಿಸಿಕೊಳ್ಳಲೆಂದೇ 25 ಡಾಲರಿನ ಒಂದು ಕಾರ್ಡಿದೆ, ಸಂಸಾರಕ್ಕೆ 35. ಭಾವನವರದು ಸಂಸಾರದ ಕಾರ್ಡು. ಮದುವೆಯ ಸರ್ಟಿಫಿಕೇಟು ಎಲ್ಲಿದೆಯೋ ಗೊತ್ತಿಲ್ಲ, ಇದು ಮಾತ್ರ ಪರ್ಸಿನಲ್ಲೇ ಇರುತ್ತದೆ.

ನಾವು ಹೀಗೆ ಅವರ ಜೊತೆ ಹೋದ ಜೂನ್ ತಿಂಗಳಲ್ಲಿ ದಾವಣಗೆರೆಯಿಂದ ನನ್ನ ಮಾವನವರು ಬಂದಿದ್ದರು. ಬಿಳಿ ಅಂಗಿ ತೊಟ್ಟು ಕಾರಿನಿಂದಿಳಿದವರನ್ನು ಭಾವ ಅಡಿಯಿಂದ ಮುಡಿಯವರೆಗೆ ನೋಡಿದರು.

"ಅಂಕಲ್, ಕಾಟನ್ ಹಾಕ್ಕೊಂಡಿದೀರಲ್ಲ! ಬೆವರು ಹಿಡ್ಕೊಂಡುಬಿಡುತ್ತೆ, ಮೇಲೆ ಗಾಳಿ ಬೀಸಿದ್ರೆ ಮೈ ತಣ್ಣಗಾಗಿ ಅಪಾಯ. ಇಲ್ಲಿ ಎಲ್ಲರೂ ಹೇಳ್ತಾರೆ, ಹತ್ತಿ ಕೊಲ್ಲುತ್ತೆ ಅಂತ."

"ಮೂವತ್ತು ವರ್ಷ ಹತ್ತಿ ಮಿಲ್ಲಿನಾಗೆ ದುಡಿದೀನಿ ತಮ್ಮಾ," ಎಂದರು ಮಾವ. "ಹತ್ತಿ ಏನೂ ಮಾಡ್ಲಿಲ್ಲ. ಕೊಂದಿದ್ದೆಲ್ಲ ಮ್ಯಾನೇಜರ್ರು."

ಮಾವನವರು ಕ್ಲೌಡ್‌ಲ್ಯಾಂಡ್ ಜಲಪಾತದ ತನಕ ಬಂದರು. ಎಂಬತ್ತು ಅಡಿಯಿಂದ ನೀರು ಬಂಡೆಯ ಮೇಲೆ ಹರಡಿಕೊಂಡು ಬೀಳುತ್ತಿತ್ತು. ಅಲ್ಲೇ ಕೂತು ಕೋಡುಬಳೆ ಡಬ್ಬಿ ಬಿಚ್ಚಿ, "ನೋಡಾದೆಲ್ಲ ಇಲ್ಲೇ ಐತಲ್ಲ, ಮ್ಯಾಲೆ ಯಾರದಾರೆ?" ಎಂದು ಕೇಳಿದರು.

"ಮೇಲೆ ಲಿಂಕನ್, ಲಾಫಯೆಟ್ ಇದಾರೆ ಅಂಕಲ್."

"ಇಬ್ರೂ ತೀರಿಕೊಂಡು ಭಾಳ ವರ್ಷ ಆತಲ್ಲ. ನಾ ಹೋಗಿ ಏನ್ ಮಾಡ್ಲಿ?" ಎಂದು ನನ್ನ ಹೆಂಡತಿಯನ್ನು ಕರೆದುಕೊಂಡು ಅಲ್ಲಿಂದಲೇ ಕೆಳಗಿಳಿದರು.

ಮುಂದಿನ ಏರು ಮಾತಾಡುವಂಥದ್ದಲ್ಲ. ಮಾತಾಡಿದ್ದು ಭಾವ ಒಬ್ಬರೇ. ಇಲ್ಲಿನ ಚಾರಣದ ಕೈಪಿಡಿಯಲ್ಲೊಂದು ಸೂತ್ರವಿದೆ: ಮೈಲಿಗೆ ಅರ್ಧ ಗಂಟೆ, ಪ್ರತಿ ಸಾವಿರ ಅಡಿ ಏರಿಗೆ ಇನ್ನರ್ಧ ಗಂಟೆ. ಆ ಪ್ರಕಾರ ಈ ಸುತ್ತಿಗೆ ಸುಮಾರು ಆರೂವರೆ ಗಂಟೆ. ಸೂತ್ರ ಮಾಡಿದವರು ಹುಳಿಯನ್ನ ತಿನ್ನಲು ನಿಲ್ಲುತ್ತಿರಲಿಲ್ಲವೆಂದು ಕಾಣುತ್ತದೆ. ಪ್ರತಿ ತಿರುವಿನಲ್ಲೂ ಭಾವ ಗಡಿಯಾರ ನೋಡಿ, "ನಾವು ಇಪ್ಪತ್ತೆರಡು ನಿಮಿಷ ಹಿಂದಿದೀವಿ" ಎನ್ನುವರು. ಯಾರಿಗಿಂತ ಹಿಂದೆ ಎಂದು ಕೇಳುವಷ್ಟು ಉಸಿರು ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಕೊನೆಗೊಮ್ಮೆ ಕುರುಚಲು ಮರಗಳು ಮುಗಿದು ತಲೆ ಆಕಾಶಕ್ಕೆ ತಾಗಿದ ಹಾಗಾಯಿತು. ಲಿಟಲ್ ಹೇಸ್ಟ್ಯಾಕ್, 4,700 ಅಡಿಗೂ ಮೇಲೆ. ನಾವೆಲ್ಲ ಕುಸಿದು ಕೂತು ಫೋಟೋಕ್ಕೆ ಕೈ ಎತ್ತಿದೆವು. ಭಾವ ಮಾತ್ರ ನಿಲ್ಲದೆ ನಡೆದೇ ಇದ್ದರು.

"ಇದು ಬೇಡ, ಇದು ಲೆಕ್ಕಕ್ಕಿಲ್ಲ!"

ನಿಯಮ ಹಾಗಿದೆ. ಶಿಖರವೆನ್ನಿಸಿಕೊಳ್ಳಬೇಕಾದರೆ ಪಕ್ಕದ ಎತ್ತರದ ಬೆಟ್ಟಕ್ಕೂ ತನಗೂ ನಡುವಿನ ತಗ್ಗಿನಿಂದ ಕನಿಷ್ಠ 200 ಅಡಿ ಮೇಲೆದ್ದಿರಬೇಕು. ಲಿಟಲ್ ಹೇಸ್ಟ್ಯಾಕ್ ಅಷ್ಟು ಎದ್ದಿಲ್ಲ. ಅಷ್ಟು ಎತ್ತರವಿದ್ದೂ ಪಾಪ, ಆಟಕ್ಕುಂಟು ಲೆಕ್ಕಕ್ಕಿಲ್ಲ. ಭಾವನವರ ಪ್ರಪಂಚದಲ್ಲಿ ಇಂಥವು ಬಹಳ. ಚಾಮುಂಡಿ ಬೆಟ್ಟ ಸುಮಾರು 3,500 ಅಡಿ, ಲೆಕ್ಕಕ್ಕಿಲ್ಲ. ನಮ್ಮ ಮುಳ್ಳಯ್ಯನಗಿರಿ ಇಲ್ಲಿನ ದೊಡ್ಡಣ್ಣ ಮೌಂಟ್ ವಾಷಿಂಗ್ಟನ್ನಿನ 6,288 ಅಡಿಯನ್ನೂ ಮೀರಿಸುತ್ತದೆ ಎಂದು ಚಿಕ್ಕಮಗಳೂರಿನ ಹುಡುಗನೊಬ್ಬ ಒಮ್ಮೆ ಎದೆಯುಬ್ಬಿಸಿ ಹೇಳಿದ. "ಅಲ್ಲಿಗೆ ರೋಡಿದೆಯಲ್ಲಪ್ಪ" ಎಂದು ಭಾವ ತಳ್ಳಿಹಾಕಿದರು. ವಾಷಿಂಗ್ಟನ್ನಿನ ನೆತ್ತಿಗೆ 1861ರಿಂದಲೇ ಗಾಡಿರಸ್ತೆ ಇದೆ. ಅದನ್ನು ನೆನಪಿಸಿದ್ದಕ್ಕೆ ಆ ಹುಡುಗ ಈಗ ಗ್ರೂಪಿನಲ್ಲಿಲ್ಲ.

ಲಿಟಲ್ ಹೇಸ್ಟ್ಯಾಕಿನಿಂದ ಲಾಫಯೆಟ್‌ವರೆಗಿನ 1.7 ಮೈಲಿ ಬಟಾಬಯಲಾದ ಬೆಟ್ಟದ ಬೆನ್ನು. ಎರಡೂ ಕಡೆ ಕಣಿವೆ, ಹಿಂದೆ ಮುಂದೆ ಬೆಟ್ಟದ ಸಾಲು. ಇಷ್ಟನ್ನು ನೋಡಲೆಂದೇ ಜನ ಸೊಂಟ ನೋಯಿಸಿಕೊಳ್ಳುವುದು. ದಾರಿಯ ಅಂಚಿಗೆ ಕಲ್ಲು ಜೋಡಿಸಿರುತ್ತಾರೆ, ಆಚೆ ಕಾಲಿಟ್ಟರೆ ಗಾಳಿಗಂಜಿ ನೆಲಕ್ಕಂಟಿ ಬೆಳೆಯುವ ಗಿಡಗಳು ಸಾಯುತ್ತವೆ. ಸೆಲ್ಫಿಗೆಂದು ಕಲ್ಲು ದಾಟಿದವನನ್ನು ಭಾವ ಗದರಿಸಿ ಒಳಗೆ ಕರೆದರು. ಅವನು ನಮ್ಮವನಲ್ಲ, ಕನ್ನಡ ಬರುವವನೂ ಅಲ್ಲ, ಆದರೂ ತಕ್ಷಣ ಬಂದ. ಆ ಒಂದು ಗಳಿಗೆ ಭಾವನವರ ಮೇಲೆ ನನಗೆ ಗೌರವ ಮೂಡಿತು. ಮರುಗಳಿಗೆ ಅವರು ಗಡಿಯಾರ ನೋಡಿದರು.

ಭಾವನವರ ಹೆಂಡತಿ, ನಮಗೆಲ್ಲ ಅತ್ತಿಗೆ, ಮಾತ್ರ ಹಿಂದೆ ಉಳಿದಿದ್ದರು. ಅವರದು ಯಾವಾಗಲೂ ಹೀಗೆ. ಮೊಣಕಾಲೂರಿ, ಡಯಾಪೆನ್ಸಿಯಾ ಎಂಬ ಅಂಗೈಯಗಲದ ಹಸಿರು ಮೆತ್ತೆಯಲ್ಲಿ ಅರಳಿದ ಬಿಳಿ ಹೂವನ್ನು ನೋಡುತ್ತಿದ್ದರು. "ಲೇಟಾಯ್ತು ಕಣೇ!" ಎಂದು ಭಾವ ಲಿಂಕನ್ನಿನ 5,089 ಅಡಿಯಿಂದ ಕೂಗಿದರು. "ನೀವು ನಡೀರಿ, ಬೆಟ್ಟ ಎಲ್ಲೂ ಹೋಗಲ್ಲ" ಎಂಬ ಉತ್ತರ ಗಾಳಿಯಲ್ಲಿ ಬಂತು.

ಲಾಫಯೆಟ್ಟಿನ ನೆತ್ತಿಯಲ್ಲಿ ಹಳೆಯ ಕಟ್ಟಡವೊಂದರ ಕಲ್ಲಿನ ಪಾಯ ಉಳಿದಿದೆ. ಗಾಳಿಗೆ ಮರೆಯಾಗಿ ಕೂತು ಹುಳಿಯನ್ನ ಬಿಚ್ಚಿದೆವು. ಭಾವ ಇಂಥದ್ದನ್ನು ತಿನ್ನುವುದಿಲ್ಲ. ಅವರ ಬಳಿ ಗ್ರಾಮಿನ ಲೆಕ್ಕದಲ್ಲಿ ಶಕ್ತಿ ಕೊಡುವ, ರುಚಿಯ ಹಂಗಿಲ್ಲದ ಒಂದು ಕಂದು ಪಟ್ಟಿ ಇರುತ್ತದೆ. ಅದನ್ನು ತಿಂದು ಮುಗಿಸಿದ ಮೇಲೆ, "ಉಪ್ಪಿನಂಶ ಬೇಕಾಗುತ್ತೆ" ಎಂಬ ವೈಜ್ಞಾನಿಕ ಕಾರಣ ಕೊಟ್ಟು ಅತ್ತಿಗೆಯ ಡಬ್ಬಿ ಖಾಲಿ ಮಾಡಿದರು.

ಇಳಿಯುವಾಗ ಒಂದು ಮೈಲಿ ಕೆಳಗೆ ಗ್ರೀನ್‌ಲೀಫ್ ಹಟ್ ಎಂಬ ಚಾರಣಿಗರ ತಂಗುಮನೆ ಸಿಗುತ್ತದೆ. ಅಲ್ಲಿಗೆ ತಾಜಾ ಸಾಮಾನು ಬೆನ್ನ ಮೇಲೇ ಬರಬೇಕು. ಕಾಲೇಜು ವಯಸ್ಸಿನ ಹುಡುಗಿಯೊಬ್ಬಳು ಮರದ ಚೌಕಟ್ಟಿಗೆ ತನಗಿಂತ ಎತ್ತರಕ್ಕೆ ಪೆಟ್ಟಿಗೆ ಕಟ್ಟಿಕೊಂಡು, ಹಾಡು ಗುನುಗುತ್ತಾ ನಮ್ಮೆದುರು ಹತ್ತಿ ಹೋದಳು. ಭಾವ ತಮ್ಮ ಹಗುರ ಕಾರ್ಬನ್ ಕೋಲುಗಳ ಮೇಲೆ ಭಾರ ಬಿಟ್ಟು, "ಇವರೆಲ್ಲ ಸಣ್ಣ ವಯಸ್ಸಿನವರು" ಎಂದರು.

ಹಟ್ಟಿನಿಂದ ಕೆಳಗೆ, ಯಾತನೆಗಳು ಎಂಬರ್ಥದಲ್ಲಿ ಜನ ಕರೆಯುವ ದಿಬ್ಬಗಳಿವೆ. "ಇನ್ನು ಹತ್ತೇ ನಿಮಿಷ" ಎಂದು ಭಾವ ಹೇಳತೊಡಗಿದ್ದು ಅಲ್ಲಿಂದ. ಕಾರು ಕಂಡಾಗ ಸಂಜೆಯಾಗಿತ್ತು. ಮಾವನವರು ಹೊಳೆಯ ದಂಡೆಯಲ್ಲಿ ಒಂದು ನಿದ್ದೆ ಮುಗಿಸಿ ಎದ್ದಿದ್ದರು.

ಕಳೆದ ಶರತ್ಕಾಲದಲ್ಲಿ ಭಾವನವರ ನಲವತ್ತೆಂಟೂ ಮುಗಿದವು ಎಂದು ಮನೆಯಲ್ಲಿ ಹೋಳಿಗೆ ಊಟ. ಮುಗಿಯುವುದು ಎಂಬುದು ಈ ಜಾತಿಗಿಲ್ಲ. ಚಳಿಗಾಲದಲ್ಲಿ ಮತ್ತೆ ನಲವತ್ತೆಂಟು ಹತ್ತಬಹುದು, ಅದೂ ಪಂಚಾಂಗ ನೋಡಿದ ಹಾಗೆ, ಡಿಸೆಂಬರಿನಲ್ಲಿ ಸೂರ್ಯ ಉತ್ತರಕ್ಕೆ ತಿರುಗಿದ ಗಳಿಗೆಯ ನಂತರವೇ ಹೆಜ್ಜೆಯಿಟ್ಟರೆ ಮಾತ್ರ. ಮೇನ್, ವರ್ಮಾಂಟ್ ಸೇರಿಸಿದರೆ ಅರವತ್ತೇಳು. ನಲವತ್ತೆಂಟನ್ನೂ ಹನ್ನೆರಡು ತಿಂಗಳಲ್ಲಿ ಪ್ರತಿ ತಿಂಗಳಿಗೊಮ್ಮೆಯಂತೆ ಹತ್ತಿದರೆ 576. ಒಂದೇ ವರ್ಷದಲ್ಲಿ ಮುಗಿಸಬೇಕೆಂದಿಲ್ಲ, ಆಯುಷ್ಯವಿಡೀ ಹತ್ತಬಹುದು. ಭಾವ ಆ ಕೋಷ್ಟಕವನ್ನು ಟೀವಿಯ ಮೇಲೆ ತೋರಿಸುತ್ತಿದ್ದರು.

ಆಗಲೇ ಆ ಚಿಕ್ಕಮಗಳೂರಿನ ಹುಡುಗ, ಊಟಕ್ಕೆ ಮಾತ್ರ ಕರೆಸಿಕೊಂಡವನು, ಔಲ್ಸ್ ಹೆಡ್ ಬಗ್ಗೆ ಕೇಳಿದ. ಅದು ಹದಿನೆಂಟು ಮೈಲಿ ನಡೆಸಿ ಕೊನೆಗೆ ನೋಟವನ್ನೇ ಕೊಡದ ಶಿಖರ. ಮೊದಲು ನೆತ್ತಿಯೆಂದುಕೊಂಡಿದ್ದ ಜಾಗ ನೆತ್ತಿಯಲ್ಲವೆಂದೂ, ನಿಜವಾದದ್ದು ಇನ್ನಷ್ಟು ಉತ್ತರಕ್ಕಿದೆಯೆಂದೂ ಆಮೇಲೆ ಗೊತ್ತಾಗಿದೆ. "ನೀವು ಹಳೇ ಜಾಗದಲ್ಲಿ ನಿಂತ್ರೋ, ಹೊಸದರಲ್ಲೋ ಭಾವ?"

ಭಾವ ಫೋನು ತೆಗೆದರು. ನಕ್ಷೆ ಹಿಗ್ಗಿಸಿದರು. ಕೆಂಪು ಗೆರೆ ಹಳೇ ಜಾಗದಲ್ಲೇ ನಿಂತು ಹಿಂದಿರುಗಿತ್ತು.

"ಅಲ್ಲಿಂದ ಮುಂದಕ್ಕೆ ನಾನು ಹೋಗಿದ್ದೆನಲ್ಲ," ಎಂದರು ಅತ್ತಿಗೆ, ಹೋಳಿಗೆಗೆ ತುಪ್ಪ ಬಡಿಸುತ್ತಾ. "ನೀವು ಗಡಿಯಾರ ನೋಡ್ತಾ ಕೂತಿದ್ರಿ. ಏನಿದೆ ಅಂತ ನೋಡ್ಕೊಂಡು ಬಂದೆ. ಏನೂ ಇಲ್ಲ, ಬರೀ ಮರ."

ಸ್ವಲ್ಪ ಹೊತ್ತಿನ ಮೇಲೆ ಭಾವ ಕೇಳಿದರು: "ಮುಂದಿನ ಶನಿವಾರ ಇನ್ನೊಂದ್ಸಲ ಹೋಗ್ಬರೋಣ್ವಾ?"

"ಹದಿನೆಂಟು ಮೈಲಿಯೇ? ನೀವೊಬ್ರೇ ಹೋಗ್ಬನ್ನಿ," ಎಂದರು ಅತ್ತಿಗೆ. "ನನ್ನದು ಆಗಿದೆಯಲ್ಲ."